ಎಲ್. ರೈಟ್, ಆಲ್ಡರ್‌ಲೋ

ನಮ್ಮ ಸಭೆಯ ಹಿರಿಯ ಸದಸ್ಯೆ ಲೆಟ್ಟಿ ರೈಟ್ ಅವರು ಕಳೆದ ಚಳಿಗಾಲದಲ್ಲಿ, ತಮ್ಮ ಎಂಬತ್ತೊಂದನೆಯ ವಯಸ್ಸಿನಲ್ಲಿ, ಕರ್ತನಲ್ಲಿ ನಿದ್ರೆಹೋದರು. ಅವರ ಬದುಕನ್ನು ಕುರಿತು ನಾಲ್ಕು ಪುಟ ಬರೆದುಕೊಡಬೇಕೆಂದು ಸಭೆಯ ಹಿರಿಯರು ನನ್ನನ್ನು ಕೇಳಿಕೊಂಡರು. “ಇದಕ್ಕೆ ನಿನಗಿಂತ ಅರ್ಹರು ಯಾರಿದ್ದಾರೆ, ಲೆನರ್ಡ್?” ಎಂದರು. ಹಾಗೆನ್ನುವಾಗ ಅವರಲ್ಲಿ ಇಬ್ಬರು ನಗು ತಡೆಯಲಾರದೆ ಕೆಮ್ಮಿದರು. ಆ ಕೆಮ್ಮಿಗೆ ಕಾರಣವಿತ್ತು. ಸಾವಿರದ ಒಂಬೈನೂರ ಐವತ್ತೆಂಟರ ಮೇ ತಿಂಗಳಿನಲ್ಲಿ ಆಲ್ಡರ್‌ಲೋ ಚಾಪೆಲಿನ ಬೋಧಕನಾದ ನಾನು, ಲೆನರ್ಡ್ ರೈಟ್, ಆ ತಾಯಿ ತಮ್ಮ ಜೀವಮಾನದಲ್ಲಿ ತಮಗಾಗಿ ಬಯಸಿದ ಒಂದೇ ಒಂದು ವಸ್ತುವನ್ನು ಚಹಾ ಕುಡಿಯುತ್ತ ಕುಡಿಯುತ್ತ ನನ್ನ ಜೇಬಿಗೆ ಹಾಕಿಕೊಂಡೆ. ಆ ವಸ್ತು ಅವರ ಹೆಸರು. ಅವರ ಕಥೆಯನ್ನು ಪ್ರಾಮಾಣಿಕವಾಗಿ ಹೇಳಬೇಕಾದರೆ ನನ್ನ ಮೂರ್ಖತನವನ್ನು ದಾಟಿಯೇ ಹೋಗಬೇಕು. ಬೇರೆ ದಾರಿ ಇದ್ದಿದ್ದರೆ ಖಂಡಿತ ಹಿಡಿಯುತ್ತಿದ್ದೆ.

ನಮ್ಮ ಊರಿನಲ್ಲಿ ರೈಟ್ ಎಂಬ ಹೆಸರಿನ ಮನೆಗಳು ಹನ್ನೊಂದು. ಒಬ್ಬರಿಗೊಬ್ಬರು ನೆಂಟರಲ್ಲ. ಗುರುತಿಗಾಗಿ ಜನ ರೊಟ್ಟಿ ರೈಟ್, ಮೇಲ್ಮನೆ ರೈಟ್, ಕಿವುಡ ರೈಟ್ ಎಂದು ಕರೆಯುತ್ತಾರೆ. ಮೊಳೆ, ಬೀಗ, ಸೀಮೆಎಣ್ಣೆಯ ಅಂಗಡಿ ಇಟ್ಟಿರುವ ನಾನು ಮೊಳೆ ರೈಟ್. ಈ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲಿಗೆ ಡಬ್ಲ್ಯು ಎಂಬ ಒಂದು ಅಕ್ಷರ ಬರುತ್ತದೆ. ಬಾಯಿಂದ ಆಡುವಾಗ ಅದು ಕೇಳಿಸುವುದಿಲ್ಲ. ಆ ಮೌನದ ಅಕ್ಷರ ಇದ್ದರೆ, ಕೈಯಿಂದ ಮಾಡುವವನು ಎಂಬ ಹಳೆಯ ಅರ್ಥ. ಬಂಡಿ ಮಾಡುವವನು, ನೇಗಿಲು ಮಾಡುವವನು ಎಂಬಂತೆ. ಅದನ್ನು ಬಿಟ್ಟು ಬರೆದರೆ ಸುಮ್ಮನೆ ‘ಸರಿ’ ಎಂದಷ್ಟೇ. ಭೂಮ್ಯಾಕಾಶಗಳನ್ನು ಉಂಟುಮಾಡಿದ ದೇವರೇ ಮೊದಲನೆಯ ರೈಟ್ ಎಂದು ನಾನು ಬೋಧನೆಯಲ್ಲಿ ಹೇಳುತ್ತಿದ್ದೆ. ಆ ಸಾಲಿನಲ್ಲಿ ಎರಡನೆಯವನು ಯಾರೆಂದು ಹೇಳುತ್ತಿರಲಿಲ್ಲ. ಕೇಳುವವರೇ ಊಹಿಸಿಕೊಳ್ಳಲೆಂದು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದೆ.

ಪ್ರತಿ ಚಳಿಗಾಲದಲ್ಲೂ ಬುಧವಾರದ ಕೂಟದಲ್ಲಿ ‘ರೈಟ್ ಹೆಸರಿನ ಕಲಾವಿದರು’ ಎಂಬ ವಿಷಯವಾಗಿ ನನ್ನದೊಂದು ಉಪನ್ಯಾಸ ಇರುತ್ತಿತ್ತು. ಮೇಣದ ಬತ್ತಿಯ ಬೆಳಕು ಮುಖಗಳ ಮೇಲೆ ಬೀಳುವುದನ್ನು ಬರೆದ ಡರ್ಬಿಯ ಜೋಸೆಫ್ ರೈಟ್. ಅವರಿಗಿಂತ ನೂರು ವರ್ಷ ಹಿಂದೆ ಅರಮನೆಯ ದೊಡ್ಡವರ ಭಾವಚಿತ್ರಗಳನ್ನು ಬರೆದ ಜಾನ್ ಮೈಕಲ್ ರೈಟ್. ಅಮೆರಿಕದಿಂದ ಸಮುದ್ರ ದಾಟಿ ಲಂಡನ್ನಿಗೆ ಬಂದು ಮೇಣದಲ್ಲಿ ಮುಖಗಳನ್ನು ಮಾಡಿದ ಪೇಷನ್ಸ್ ರೈಟ್. ಈ ಮೂವರನ್ನು ವರ್ಣಿಸಿ, ಡರ್ಬಿಯ ಜೋಸೆಫ್ ನಮ್ಮ ಮನೆತನದವರೇ ಎಂಬ ನಮ್ಮ ತಂದೆಯ ಮಾತಿನೊಂದಿಗೆ ಮುಗಿಸುತ್ತಿದ್ದೆ. ಈ ಮಾತಿಗೆ ಇದ್ದ ಆಧಾರ ನಮ್ಮ ತಂದೆಯ ಮೂಗು ಮಾತ್ರ.

“ಆ ಮೂರು ಜನದಲ್ಲಿ ಒಬ್ಬರಾದ್ರೂ ಮೊಳೆ ಮಾರ್ತಿದ್ರಾ?” ಎಂದು ನನ್ನ ಹೆಂಡತಿ ಡೋರಾ ಪ್ರತಿ ವರ್ಷವೂ ಕೇಳುತ್ತಿದ್ದಳು.

ಈ ಮೂಗಿನ ಬಲದಿಂದಲೇ ಚಾಪೆಲ್ ಬಾವಿಯ ಸಿಂಗಾರಕ್ಕೆ ಚಿತ್ರ ಬರೆದುಕೊಡುವ ಹಕ್ಕು ನಮ್ಮ ಮನೆಗೆ ಬಂದಿತ್ತು. ಮೊದಲು ತಾತ, ಆಮೇಲೆ ತಂದೆ ಬರೆದರು, ಇಪ್ಪತ್ತೇಳನೆಯ ಇಸವಿಯಿಂದ ನಾನು. ಸ್ವರ್ಗಾರೋಹಣದ ಹಬ್ಬಕ್ಕೆ ಬಾವಿಗಳ ಮುಂದೆ ಆಳೆತ್ತರದ ಹಲಗೆಗಳನ್ನು ನಿಲ್ಲಿಸಿ, ನೀರು ಕೊಟ್ಟ ದೇವರಿಗೆ ವಂದನೆ ಸಲ್ಲಿಸುವುದು ನಮ್ಮಲ್ಲಿ ಹಿಂದಿನಿಂದ ನಡೆದು ಬಂದದ್ದು. ಹಲಗೆಯನ್ನು ಹೊಳೆಯಲ್ಲಿ ನೆನೆಹಾಕಿ, ಉಪ್ಪು ಬೆರೆಸಿ ತುಳಿದ ಜೇಡಿಮಣ್ಣನ್ನು ಅದರ ಮೇಲೆ ಬಳಿಯುತ್ತಾರೆ. ಚಿತ್ರ ಬರೆದ ಕಾಗದವನ್ನು ಮಣ್ಣಿನ ಮೇಲೆ ಹಾಸಿ, ಗೆರೆಗಳ ಗುಂಟ ಸೂಜಿಯಿಂದ ಚುಚ್ಚುತ್ತಾರೆ. ಕಾಗದ ತೆಗೆದರೆ ಮಣ್ಣಿನಲ್ಲಿ ಚುಕ್ಕೆಗಳು ಉಳಿಯುತ್ತವೆ. ಆ ಚುಕ್ಕೆಗಳ ಮೇಲೆ ಆಲ್ಡರ್ ಮರದ ಪುಟ್ಟ ಕರಿ ಕಾಯಿಗಳನ್ನು ಒತ್ತೊತ್ತಾಗಿ ಒತ್ತಿದರೆ ಗೆರೆ ಮೂಡುತ್ತದೆ. ಆಮೇಲೆ ಕೆಳಗಿನಿಂದ ಮೇಲಕ್ಕೆ, ಮಳೆನೀರು ಜಾರಿಹೋಗಲೆಂದು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಎಸಳು. ಆರು ದಿನ ನಿಲ್ಲುತ್ತದೆ. ಏಳನೆಯ ದಿನ ತಿಪ್ಪೆಗೆ ಹೋಗುತ್ತದೆ. ಯಾರೂ ಅದಕ್ಕೆ ಸಹಿ ಹಾಕುವುದಿಲ್ಲ.

ನಾನು ಕಾಗದವನ್ನು ಕೊಟ್ಟು ಬರುತ್ತಿದ್ದೆ. ಸೂಜಿ, ಕರಿಕಾಯಿ, ಎಸಳು ಎಲ್ಲವೂ ಲೆಟ್ಟಿಯಕ್ಕನ ಕೊಟ್ಟಿಗೆಯಲ್ಲಿ ಅವರ ಕೈಯಿಂದ ಆಗುತ್ತಿದ್ದವು. ಹಬ್ಬದ ದಿನ ಹಲಗೆಯನ್ನು ದೂರದಿಂದ ನೋಡಿ, ಕಾಗದದಲ್ಲಿದ್ದದ್ದಕ್ಕಿಂತ ಎಷ್ಟೋ ಚೆನ್ನಾಗಿ ಕಾಣುತ್ತಿದೆಯಲ್ಲ ಎಂದು ನನಗೆ ಪ್ರತಿ ವರ್ಷವೂ ಆಶ್ಚರ್ಯವಾಗುತ್ತಿತ್ತು. “ನನ್ನ ಶೈಲಿಗೆ ಜೇಡಿಮಣ್ಣು ಒಪ್ಪುತ್ತೆ” ಎಂದು ಜನರಿಗೆ ವಿವರಿಸುತ್ತಿದ್ದೆ. ದೇವರು ತಾಳ್ಮೆಯುಳ್ಳವನು.

ಇನ್ನು ಲೆಟ್ಟಿಯಕ್ಕನ ವಿಷಯ. ನಾವು ಚಾಪೆಲಿನವರೆಲ್ಲ ಅಕ್ಕತಮ್ಮಂದಿರಂತೆ ಬಾಳಿದವರಾದ್ದರಿಂದ ಹಾಗೆಂದೇ ಬರೆಯುತ್ತೇನೆ. ಅವರು ಸುಣ್ಣಕಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದ ಒಬ್ಬ ರೈಟ್ ಅವರ ಮಗಳು. ಎಂಟು ವರ್ಷದವರಿದ್ದಾಗಲೇ ತಾಯಿಯ ಜೊತೆ ಕೂತು ಬಟರ್‌ಕಪ್ ಹೂವಿನ ಎಸಳು ಬಿಡಿಸುತ್ತಿದ್ದರು. ಹದಿನಾಲ್ಕಕ್ಕೆ ಒಂದು ದೊಡ್ಡ ಮನೆಯಲ್ಲಿ ಪಾತ್ರೆ ಬೆಳಗುವ ಕೆಲಸಕ್ಕೆ ಸೇರಿದರು. ಆ ಮನೆಯಲ್ಲಿ ಆಗಲೇ ಒಬ್ಬ ಲೆಟ್ಟಿ ಇದ್ದುದರಿಂದ ಯಜಮಾನಿತಿ ಇವರನ್ನು ‘ಜೇನ್’ ಎಂದು ಕರೆದಳು. ಒಂಬತ್ತು ವರ್ಷ ಅವರು ಜೇನ್ ಆಗಿದ್ದರು. ಇಪ್ಪತ್ತಮೂರಕ್ಕೆ ಊರಿಗೆ ಮರಳಿ ಏಮಸ್ ರೈಟ್ ಎಂಬವರನ್ನು ಮದುವೆಯಾದರು. ಮದುವೆಯಾದರೂ ಮನೆತನದ ಹೆಸರು ಬದಲಾಗದಿದ್ದ ಹುಡುಗಿ ಎಂದು ಊರೆಲ್ಲ ತಮಾಷೆ ಮಾಡಿತಂತೆ. ಆದರೆ ಅಂದಿನಿಂದ ಚಾಪೆಲಿನ ಪಟ್ಟಿಯಲ್ಲೂ ಅಂಗಡಿಯ ಚೀಟಿಯಲ್ಲೂ ಅವರು ‘ಮಿಸೆಸ್ ಎ. ರೈಟ್’. ನಮ್ಮ ಕಡೆಯ ಮರ್ಯಾದೆಯ ಪದ್ಧತಿ ಅದು: ಗೃಹಿಣಿಗೆ ಗಂಡನ ಇನಿಷಿಯಲ್. ರೈಟ್ ಉಳಿಯಿತು, ಲೆಟ್ಟಿ ಹೋಯಿತು. ಏಮಸ್ ಒಳ್ಳೆಯ ಮನುಷ್ಯ. ಈರುಳ್ಳಿ ಜಾತಿಯ ಲೀಕ್ ಗಿಡಗಳನ್ನು ಮೊಣಕಾಲೆತ್ತರ ಬೆಳೆದು ಬಹುಮಾನ ಗಳಿಸುತ್ತಿದ್ದರು. ಚಿತ್ರ ಎಂದರೆ ಗೋಡೆಗೆ ಹೊಡೆದ ಮೊಳೆಯನ್ನು ಮರೆಮಾಡುವ ವಸ್ತು ಎಂದು ತಿಳಿದಿದ್ದರು. ನಲವತ್ತೊಂದನೆಯ ಇಸವಿಯಲ್ಲಿ ತೀರಿಕೊಂಡರು. ಸಮಾಧಿಯ ಕಲ್ಲಿನ ಮೇಲೆ ಅವರ ಹೆಸರು ಕೆತ್ತಿ, ಕೆಳಗೆ ‘ಮತ್ತು ಅವರ ಪತ್ನಿ’ ಎಂದು ಬರೆದು ಜಾಗ ಬಿಡಲಾಗಿತ್ತು.

ಐವತ್ತೆಂಟರ ಮಾರ್ಚ್‌ನಲ್ಲಿ ಡರ್ಬಿಯ ಆಂಬ್ರೋಸ್ ಟಿಂಡಲ್ ಎಂಬ ನಿವೃತ್ತ ಉಪಾಧ್ಯಾಯರು ಪತ್ರಿಕೆಯಲ್ಲಿ ಒಂದು ಪ್ರಕಟಣೆ ಕೊಟ್ಟರು. ರೈಟ್ ಎಂಬ ಹೆಸರಿನ ಕಲಾವಿದರ ಪುಟ್ಟ ಪುಸ್ತಕವೊಂದನ್ನು ತರುತ್ತಿದ್ದೇನೆ, ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಯಾರಾದರೂ ಇದ್ದರೆ ತಿಳಿಸಿ ಎಂದು. ಅಂದು ಸಂಜೆಯೇ ನಾನು ಪತ್ರ ಬರೆದೆ. ನನ್ನನ್ನು ನಾನೇ ಹೊಗಳಿಕೊಳ್ಳುವುದು ಬೋಧಕನಿಗೆ ತಕ್ಕದ್ದಲ್ಲವೆಂದು ಬಹಳ ಯೋಚಿಸಿ, ಬೇರೊಬ್ಬರ ವಿಷಯ ಬರೆಯುವಂತೆ ಬರೆದೆ: ‘ಆಲ್ಡರ್‌ಲೋದಲ್ಲಿ ಎಲ್. ರೈಟ್ ಎಂಬುವರಿದ್ದಾರೆ. ಬಹು ವರ್ಷಗಳಿಂದ ಬಾವಿಯ ಹಲಗೆಯ ಚಿತ್ರ ಅವರದೇ. ತಮ್ಮ ಕಲೆಯ ಬಗ್ಗೆ ತಾವಾಗಿ ಎಂದೂ ಮಾತಾಡದ ವಿನಯಶೀಲರು. ಹಬ್ಬದ ಹಿಂದಿನ ದಿನ ತಾವು ಬಂದರೆ ಕಾಣಬಹುದು.’ ಕೆಳಗೆ ‘ಒಬ್ಬ ಹಿತೈಷಿ’ ಎಂದು ಸಹಿ ಹಾಕಿದೆ. ವಿನಯಶೀಲ ಎಂಬ ಪದವನ್ನು ಬರೆದು ಎರಡು ಸಲ ಓದಿಕೊಂಡೆನೆಂಬುದನ್ನು ಇಲ್ಲಿ ಮುಚ್ಚಿಡಲಾರೆ.

ಆ ವರ್ಷದ ಚಿತ್ರ, ಕರ್ತನು ಶಿಷ್ಯರ ಪಾದಗಳನ್ನು ತೊಳೆಯುವುದು. ದೀನತೆಯ ವಿಷಯವನ್ನು ನಾನೇ ಆರಿಸಿದ್ದೆ.

ಹಬ್ಬದ ಹಿಂದಿನ ದಿನ, ಬುಧವಾರ, ಬಂತು. ನಾನು ಭಾನುವಾರದ ಕೋಟು ತೊಟ್ಟು, ಡೋರಾಳಿಂದ ಜೀರಿಗೆಯ ಕೇಕು ಮಾಡಿಸಿ, ಮುಂದಿನ ಕೋಣೆಯಲ್ಲಿ ಹನ್ನೊಂದು ಗಂಟೆಯಿಂದ ಕೂತೆ. ಬಸ್ಸು ಬಂತು, ಹೋಯಿತು. ಟಿಂಡಲ್ ಬರಲಿಲ್ಲ. ಅವರು ಬಸ್ಸಿಳಿದು ನೇರ ಅಂಚೆ ಕಚೇರಿಗೆ ಹೋಗಿದ್ದರು. ಅಲ್ಲಿ ನಡೆದದ್ದನ್ನು ಅಂಚೆಯ ಈನಿಡ್ ಬ್ಯಾಗ್‌ಶಾ ಆಮೇಲೆ ಊರಿಗೆಲ್ಲ ಹೇಳಿದಳು.

“ಇಲ್ಲಿ ಎಲ್. ರೈಟ್ ಅಂತ, ಹೂವಿನ ಚಿತ್ರ ಮಾಡೋರು. ಅವರ ಮನೆ ಎಲ್ಲಿ ಬರುತ್ತಮ್ಮಾ?” ಎಂದು ಅವರು ಕೇಳಿದರಂತೆ.

“ಓ, ಲೆಟ್ಟಿನಾ? ಇವತ್ತು ಮನೇಲೆಲ್ಲಿ ಇರ್ತಾಳೆ, ಕೊಟ್ಟಿಗೇಲಿ ಇರ್ತಾಳೆ ನೋಡಿ. ಎಸಳು ಕೂರಿಸ್ತಾ ಇದ್ರೆ ಮಾತಾಡಿಸ್ಬೇಡಿ, ಬೈಸ್ಕೋತೀರ.”

ಹನ್ನೊಂದು ಮನೆ ರೈಟರಲ್ಲಿ ಎಲ್ ಅಕ್ಷರದವರು ಇಬ್ಬರಿದ್ದಾರೆಂದು ಆಕೆಗೆ ಹೊಳೆಯಲೇ ಇಲ್ಲ. ದಾರಿಯಲ್ಲಿ ಟಿಂಡಲ್ ಅವರು ಹಾಲಿನವನನ್ನೂ ಚರ್ಚಿನ ಗಂಟೆ ಬಾರಿಸುವವನನ್ನೂ ಕೇಳಿದರು. ಇಬ್ಬರೂ ಕೊಟ್ಟಿಗೆಯ ಕಡೆಗೇ ಕೈ ತೋರಿಸಿದರು.

ಮೂರು ಗಂಟೆಗೆ ಅವರು ನಮ್ಮ ಮನೆಯ ಬಾಗಿಲು ತಟ್ಟಿದರು. ತೆಳ್ಳಗಿನ, ಮೃದುವಾದ ಮನುಷ್ಯ. ಪ್ಯಾಂಟಿನ ತುಂಬ ಜೇಡಿಮಣ್ಣು. ಕಂಕುಳಲ್ಲಿ ಸುರುಳಿ ಸುತ್ತಿದ ನನ್ನ ಚಿತ್ರದ ಕಾಗದ.

“ಕ್ಷಮಿಸಿ ರೈಟ್ ಅವರೇ, ತಪ್ಪು ವಿಳಾಸಕ್ಕೆ ಹೋಗಿ ಬಂದೆ” ಎಂದು ನಗುತ್ತ ಕೂತರು. “ಪಾಪ ಆ ಅಜ್ಜಿಗೆ ನನ್ನಿಂದ ಗೊಂದಲ ಆಯ್ತು. ನಾನು ಪಟ್ಟಿಗೆ ಅಂತ ಬರ್ಕೊಂಡಿದ್ದ ಚೀಟಿ ತೋರಿಸ್ದೆ. ‘ಎಲ್. ರೈಟ್, ಆಲ್ಡರ್‌ಲೋ’ ಅಂತ. ಬಕೆಟ್ಟಲ್ಲಿ ಕೈ ತೊಳ್ಕೊಂಡ್ರು, ಕನ್ನಡಕ ಹಾಕ್ಕೊಂಡ್ರು, ಎರಡು ಸಲ ಓದಿದ್ರು. ‘ಇದು ನಾನಾ?’ ಅಂದ್ರು. ನೀವು ಎಲ್. ರೈಟ್ ಅಲ್ವಾ ಅಂದೆ. ‘ಎಲ್ ಕೂಡ ಹೌದು, ರೈಟ್ ಕೂಡ ಹೌದು’ ಅಂತ ನಕ್ರು ನೋಡಿ, ಒಳ್ಳೆ ಹುಡುಗಿ ಥರ! ಆಮೇಲೆ ಪತ್ರ ತೋರಿಸ್ದೆ. ನೋಡಿದ ಕೂಡ್ಲೇ ಚೀಟಿ ವಾಪಸ್ ಕೊಟ್ಬಿಟ್ರು. ‘ಈ ಬಾಲ ಎಳೆಯೋ ಕೈಬರಹ ನನ್ನ ಸೀಮೆಎಣ್ಣೆ ಬಿಲ್ಲಲ್ಲೂ ಇದೆ. ಇದು ನಾನಲ್ಲ. ಲೆನರ್ಡ್. ಚಿತ್ರ ಬರೆಯೋದು ಅವನೇ, ನಾನು ಬರೀ ಕರಿಕಾಯಿ ಒತ್ತೋಳು’ ಅಂದ್ರು. ಈ ಕಾಗದ ನಿಮಗೆ ಕೊಡಿ ಅಂದ್ರು, ಕೆಲಸ ಮುಗೀತಂತೆ.”

ಹಿತೈಷಿಯ ಗುಟ್ಟು ಹೀಗೆ ಒಂದೇ ಉಸಿರಿನಲ್ಲಿ ಬಯಲಾಯಿತು. ಆದರೆ ನನ್ನ ಕಿವಿಯಲ್ಲಿ ನಿಂತದ್ದು ಅದಲ್ಲ. ‘ಇದು ನಾನಾ?’ ಎಂಬ ಮಾತು. ಟಿಂಡಲ್ ಸಜ್ಜನರು, ಪತ್ರದ ವಿಷಯ ಮುಂದೆ ಎತ್ತಲಿಲ್ಲ. ಕಾಗದವನ್ನು ಬಿಡಿಸಿ, ಚೆನ್ನಾಗಿ ಕಾಣಲೆಂದು ಕಿಟಕಿಗೆ ಎದುರಾಗಿ ಎರಡೂ ಕೈಯಲ್ಲಿ ಎತ್ತಿ ಹಿಡಿದರು.

ಮಧ್ಯಾಹ್ನದ ಬಿಸಿಲು ಕಾಗದದ ಹಿಂದೆ ಬಿತ್ತು. ಸೂಜಿ ಚುಚ್ಚಿದ ಸಾವಿರಾರು ತೂತುಗಳು ಬೆಳಕಿನ ಚುಕ್ಕೆಗಳಾಗಿ ಹೊಳೆದವು. ಆ ಚುಕ್ಕೆಗಳು ನನ್ನ ಪೆನ್ಸಿಲ್ ಗೆರೆಯ ಮೇಲೆ ಇರಲಿಲ್ಲ. ನನ್ನ ಗೆರೆ ಒಂದು ದಾರಿ, ಸೂಜಿಯದು ಇನ್ನೊಂದು. ನಾನು ಬರೆದ ಕರ್ತನ ತೋಳು ಮೊಣಕೈ ಇಲ್ಲದೆ ಸೌತೆಕಾಯಿಯಂತೆ ಚಾಚಿತ್ತು. ಬೆಳಕಿನ ತೋಳು ಮೃದುವಾಗಿ ಮಡಚಿ ಬೋಗುಣಿಯ ಕಡೆ ಬಾಗಿತ್ತು. ನನ್ನ ಪೇತ್ರನು ಹಲ್ಲುನೋವು ಬಂದವನಂತಿದ್ದ. ಬೆಳಕಿನ ಪೇತ್ರನು ನಾಚಿಕೊಂಡಿದ್ದ. ಪೇತ್ರನ ಬಲಪಾದದಲ್ಲಿ ಪೆನ್ಸಿಲ್ಲಿನ ಬೆರಳು ಆರು, ಬೆಳಕಿನ ಬೆರಳು ಐದು. ಡರ್ಬಿಯ ಜೋಸೆಫ್ ಬಗ್ಗೆ ವರ್ಷ ವರ್ಷ ಉಪನ್ಯಾಸ ಕೊಟ್ಟವನು ನಾನು. ಬೆಳಕು ಏನನ್ನು ತೋರಿಸಬಲ್ಲದೆಂದು ಅಂದು ಮೊದಲ ಬಾರಿಗೆ ನೋಡಿದೆ.

ಟಿಂಡಲ್ ಬಹಳ ಹೊತ್ತು ನೋಡಿದರು. ಕೊಟ್ಟಿಗೆಯಲ್ಲಿ ಹಲಗೆಯನ್ನು ನೋಡಿ ಬಂದಿದ್ದರಲ್ಲ.

“ಸೂಜಿ ಹಿಡಿಯೋರು ಯಾರು?” ಎಂದು ಮೆಲ್ಲಗೆ ಕೇಳಿದರು.

“ಅದು... ನಮ್ಮಲ್ಲಿ ಹಲವರ ಕೈ ಸೇರಿರುತ್ತೆ” ಎಂದೆ.

“ಹಾಗಾದ್ರೆ ಪಟ್ಟಿಯಲ್ಲಿ ಏನಂತ ಹಾಕ್ಲಿ? ಚೀಟಿಯಲ್ಲಿರೋ ಹಾಗೆ, ಎಲ್. ರೈಟ್ ಅಂತಲೇ?”

ಪ್ರಿಯ ಓದುಗರೇ, ಆಗ ನಾನು ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಬೇಕಾದ ಅಗತ್ಯವೇ ಇರಲಿಲ್ಲ, ಅಷ್ಟು ಅನುಕೂಲವಾಗಿತ್ತು ಆ ಅಕ್ಷರ. ಎಲ್ ಎಂದರೆ ಲೆಟ್ಟಿಯೂ ಹೌದು ಎಂದು ಮನಸ್ಸಿಗೆ ಹೇಳಿಕೊಂಡೆ. ಮದುವೆಯಾದ ಹೆಂಗಸಿಗೆ ತನ್ನ ಇನಿಷಿಯಲ್ ಇರುವುದಿಲ್ಲ, ಓದುವವರೆಲ್ಲ ಗಂಡಸೆಂದೇ, ಅಂದರೆ ನಾನೆಂದೇ ತಿಳಿಯುತ್ತಾರೆ ಎಂದು ಅದೇ ಮನಸ್ಸಿಗೆ ಚೆನ್ನಾಗಿ ಗೊತ್ತಿತ್ತು.

“ಹಾಗೇ ಇರ್ಲಿ” ಎಂದೆ.

ಅಡಿಗೆಮನೆಯಲ್ಲಿ ಡೋರಾ ಚಾಕುವನ್ನು ಹಲಗೆಯ ಮೇಲೆ ಕುಕ್ಕಿದ ಸದ್ದು ಕೇಳಿಸಿತು. ಅತಿಥಿಗಳು ಹೋದ ಮೇಲೆ ಅವಳು ಬಂದು ನನ್ನ ಮುಂದೆ ನಿಂತಳು.

“ಎಲ್. ರೈಟ್ ಅವರೇ, ತಟ್ಟೆ ತೊಳೀತೀರಾ? ಅಥವಾ ಅದನ್ನೂ ಲೆಟ್ಟಿ ಬಂದು ತೊಳೀಬೇಕಾ?”

ತೊಳೆದೆ. ಒಂದು ಬಟ್ಟಲನ್ನು ಒಡೆದೆ.

ಮರುದಿನ ಹಬ್ಬ. ಬ್ಯಾಂಡಿನವರು ಕೀರ್ತನೆ ನುಡಿಸುತ್ತ ಮುಂದೆ, ಊರೆಲ್ಲ ಹಿಂದೆ. ಚಾಪೆಲ್ ಬಾವಿಯ ಮುಂದೆ ಮಾತಾಡುವ ಸರದಿ ನನ್ನದು. ಹಲಗೆ ನನ್ನ ಬೆನ್ನ ಹಿಂದಿತ್ತು. ನೀಲಿ ಹೂವಿನ ಆಕಾಶ, ಪಾಚಿಯ ನೆಲ, ಮೊಟ್ಟೆಯ ಸಿಪ್ಪೆಯ ಬಿಳಿ ಬೋಗುಣಿ. ಆರಂಭಿಸುವ ಮುನ್ನ ತಿರುಗಿ ನೋಡಿದೆ, ಬಾರದೇ ಇದ್ದ ಬುದ್ಧಿ ಆಗ ಬಂತು. ಪೇತ್ರನ ಬೆರಳು ಎಣಿಸಿದೆ. ಐದು. ಸುಳ್ಳು ಸಾಕ್ಷಿ ಹೇಳಬಾರದೆಂಬ ಆಜ್ಞೆಯನ್ನು ನಾನು ಮಕ್ಕಳಿಗೆ ಕಲಿಸಿದವನು. ಸಿದ್ಧಪಡಿಸಿಕೊಂಡಿದ್ದ ಬೋಧನೆ ನಾಲಿಗೆಗೆ ಬರಲಿಲ್ಲ.

“ಸಹೋದರರೇ, ಸಹೋದರಿಯರೇ” ಎಂದೆ, “ಈ ಚಿತ್ರ ನಂದಲ್ಲ. ನಾನು ಬರ್ದಿದ್ದು ಬೇರೆ, ಇಲ್ಲಿರೋದು ಬೇರೆ. ಮೂವತ್ತೊಂದು ವರ್ಷದಿಂದ ನನ್ನ ತಪ್ಪನ್ನೆಲ್ಲ ಲೆಟ್ಟಿಯಕ್ಕ ಸೂಜಿಯಲ್ಲಿ ತಿದ್ದಿದ್ದಾರೆ. ನಂಗೆ ಗೊತ್ತಾಗಿದ್ದು ನಿನ್ನೆ. ನಿನ್ನೆ ಗೊತ್ತಾದ ಮೇಲೂ ನಾನು ಹೆಸರು ನಂದೇ ಅಂತ ಇಟ್ಕೊಂಡೆ.”

ಗುಡುಗು ಬರುವುದೆಂದು ಕಾದೆ. ಬಂದದ್ದು ಈನಿಡ್ ಬ್ಯಾಗ್‌ಶಾಳ ದನಿ.

“ನಿನ್ನೇನಾ ಗೊತ್ತಾಗಿದ್ದು? ನಮ್ಗೆಲ್ಲ ನೀನು ತಿಮಿಂಗಿಲ ಬರೆದ ವರ್ಷದಿಂದ ಗೊತ್ತು ಕಣಯ್ಯ! ಕಾಗದದಲ್ಲಿ ನಿನ್ ತಿಮಿಂಗಿಲಕ್ಕೆ ಕಿವಿ ಇತ್ತು!”

ಬ್ಯಾಂಡಿನಲ್ಲಿ ದೊಡ್ಡ ಕಹಳೆ ಹಿಡಿದಿದ್ದವನು ನಗುವನ್ನು ಅದರೊಳಗೇ ಬಿಟ್ಟ. ಆಲ್ಡರ್‌ಲೋ ಚರಿತ್ರೆಯಲ್ಲಿ ಪಾಪ ನಿವೇದನೆಗೆ ಅಂಥ ಉತ್ತರ ಬಂದದ್ದು ಅದೊಂದೇ ಸಲ. ಯಾರೂ ನನ್ನನ್ನು ದೂಷಿಸಲಿಲ್ಲ. ದೂಷಿಸಿದ್ದರೆ ಎಷ್ಟೋ ಗೌರವವಾಗಿರುತ್ತಿತ್ತು.

ಲೆಟ್ಟಿಯಕ್ಕ ಮಾತ್ರ ನಗಲಿಲ್ಲ. ಎಲ್ಲ ಮುಗಿದ ಮೇಲೆ ಅವರ ಅಡಿಗೆಮನೆಗೆ ಹೋದೆ. ಒಲೆಯ ಮುಂದೆ ತಟ್ಟೆಯಲ್ಲಿ ಉಳಿದ ಕರಿಕಾಯಿಗಳನ್ನು ಬರುವ ವರ್ಷಕ್ಕೆಂದು ಒಣಹಾಕುತ್ತಿದ್ದರು.

“ನನ್ನ ಒಂದು ಮಾತು ಕೇಳ್ದೆ ನನ್ನ ಹೆಸರನ್ನ ಬೀದಿಗೆ ತಂದ್ಯಲ್ಲ” ಎಂದರು.

“ತಪ್ಪಾಯ್ತು. ಆದ್ರೆ ಅಕ್ಕಾ, ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ನೀವು?”

“ಏನಂತ ಹೇಳ್ಲಿ? ನಿನ್ನ ಮುಖ ನೋಡಿದ್ರೆ ಹೇಳೋಕೆ ಮನಸ್ಸು ಬರ್ತಿರ್ಲಿಲ್ಲ, ಅಷ್ಟು ಖುಷಿಯಾಗಿರ್ತಿದ್ದೆ. ಹಾಗಂತ ಪೇತ್ರನಿಗೆ ಆರು ಬೆರಳು ಬಿಡೋಕಾಗುತ್ತಾ? ಅವಮಾನ ಆಗೋದು ಅವನಿಗೆ, ನಿನಗಲ್ಲ. ನಿಮ್ಮಪ್ಪಂದೂ ತಿದ್ದಿದ್ದೀನಿ, ನಮ್ಮಮ್ಮ ನಿಮ್ಮ ತಾತಂದು ತಿದ್ದಿದ್ಲು.”

ಹೀಗೆ ಡರ್ಬಿಯ ಜೋಸೆಫ್‌ನಿಂದ ನಮ್ಮ ಮನೆಗೆ ಇಳಿದು ಬಂದಿದ್ದ ಕಲೆ, ಮೂರು ತಲೆಮಾರಿನಷ್ಟೂ, ಒಂದೇ ಮಾತಿನಲ್ಲಿ ಅಳಿದುಹೋಯಿತು. ಮೂಗು ಮಾತ್ರ ಉಳಿಯಿತು.

ಅವರು ಒಂದು ಕಾಯಿಯನ್ನು ಬೆರಳಲ್ಲಿ ಉರುಳಿಸುತ್ತ ಕೂತರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು: “ಆ ಮನುಷ್ಯ ಚೀಟಿ ತೋರಿಸ್ದಾಗ, ಒಂದು ನಿಮಿಷ ನಾನೇ ಅಂದ್ಕೊಂಡೆ ಕಣೋ. ದೊಡ್ಡ ಮನೇಲಿ ಜೇನ್ ಆಗಿದ್ದೆ. ಚಾಪೆಲಲ್ಲಿ ಏಮಸ್‌ನ ಹೆಂಡ್ತಿ. ಸತ್ರೆ ಕಲ್ಲಿನ ಮೇಲೂ ‘ಮತ್ತು ಪತ್ನಿ’. ಚಿತ್ರ ಏಳನೇ ದಿನ ತಿಪ್ಪೆಗೆ ಹೋಗ್ಲಿ, ಅದಕ್ಕೆ ನಾನು ಅತ್ತಿಲ್ಲ. ಹೆಸರು ಒಂದು ಕಡೆ ನಿಂತ್ರೆ ಚೆನ್ನಾಗಿತ್ತು ಅನ್ನಿಸ್ತು. ಒಂದೇ ಒಂದು ಕಡೆ. ಸಾಕು ಬಿಡು, ಚಹಾ ಕುಡೀತೀಯಾ?”

ಚಹಾ ಕುಡಿಯಲಿಲ್ಲ. ಮನೆಗೆ ಹೋಗಿ ಟಿಂಡಲ್‌ಗೆ ಎರಡನೆಯ ಪತ್ರ ಬರೆದೆ, ನನ್ನ ಸ್ವಂತ ಸಹಿಯೊಂದಿಗೆ: ಎಲ್. ರೈಟ್ ಎಂದರೆ ನಾನಲ್ಲ, ಸೂಜಿ ಹಿಡಿದವರು ದಿವಂಗತ ಏಮಸ್ ರೈಟ್ ಅವರ ಪತ್ನಿ ಲೆಟ್ಟಿ ರೈಟ್, ಪಟ್ಟಿಯಲ್ಲಿ ಇರಬೇಕಾದವರು ಅವರು. ಪಶ್ಚಾತ್ತಾಪದ ಉತ್ಸಾಹದಲ್ಲಿ ಐದು ಪುಟವಾಯಿತು. ಇನ್ನೇನು ಸರಿಹೋಯಿತೆಂದುಕೊಂಡೆ. ಆಗಸ್ಟ್‌ನಲ್ಲಿ ಕರಡು ಅಚ್ಚಿನ ಹಾಳೆ ಬಂತು. ಅದನ್ನು ಹಿಡಿದು ಓಡುತ್ತಾ ಲೆಟ್ಟಿಯಕ್ಕನ ಮನೆಗೆ ಹೋಗಿ, ನಾನೂ ಓದದೆ ಅವರ ಕೈಗೇ ಕೊಟ್ಟೆ.

ಅವರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. ಟಿಂಡಲ್ ಮರ್ಯಾದಸ್ಥರು, ಮರ್ಯಾದಸ್ಥರ ಹಾಗೆಯೇ ಹಾಕಿಸಿದ್ದರು: ‘ಮಿಸೆಸ್ ಎ. ರೈಟ್, ಆಲ್ಡರ್‌ಲೋ.’

“ಏಮಸ್!” ಎಂದು ನಗಲಾರಂಭಿಸಿದರು. “ಅಯ್ಯೋ ದೇವ್ರೇ, ಏಮಸ್‌ಗೆ ಸಿಕ್ತು ಹೋಗು! ಗುಲಾಬಿಗೂ ಗುಂಡಿಗೂ ವ್ಯತ್ಯಾಸ ಗೊತ್ತಿರ್ಲಿಲ್ಲ ಅವನಿಗೆ!” ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ.

“ನಾಳೆ ಬಸ್ಸಿಗೆ ಡರ್ಬಿಗೆ ಹೋಗ್ತೀನಿ ಅಕ್ಕಾ. ಅಚ್ಚಿಗೆ ಹೋಗೋಕೆ ಮುಂಚೆ ನಿಮ್ಮ ಸ್ವಂತ ಹೆಸರೇ ಹಾಕಿಸ್ತೀನಿ. ಪೂರ್ತಿ ಹೆಸರು ಲೆಟೀಷಿಯಾ ತಾನೇ?”

ಅವರು ಅಲ್ಲವೆಂದು ತಲೆಯಾಡಿಸಿದರು. ಐವತ್ತೇಳು ವರ್ಷ ಒಂದೇ ಊರಲ್ಲಿದ್ದು, ಅರ್ಧ ಆಯುಷ್ಯ ಅವರ ಕೈಕೆಲಸಕ್ಕೆ ಬಂದ ಹೊಗಳಿಕೆಯನ್ನು ತಿಂದು ಬೆಳೆದವನಿಗೆ ಅವರ ಹೆಸರೇನೆಂದು ಗೊತ್ತಿರಲಿಲ್ಲ. ಚಾಪೆಲಿನ ದೀಕ್ಷಾಸ್ನಾನದ ಪುಸ್ತಕ ನನ್ನ ಬೀರುವಿನಲ್ಲೇ ಇರುತ್ತಿತ್ತು, ತೆಗೆದು ನೋಡಿರಲಿಲ್ಲ.

“ನಗಲ್ಲ ಅಂದ್ರೆ ಹೇಳ್ತೀನಿ” ಎಂದರು ಕೊನೆಗೆ. “ಲೆಟಿಸ್.”

ಅದು ಹಳೆಯ ಕಾಲದ ಗೌರವದ ಹೆಸರು. ಆದರೆ ಹಸಿಯಾಗಿ ತಿನ್ನುವ ಲೆಟಿಸ್ ಸೊಪ್ಪು ಇದೆಯಲ್ಲ, ಕೇಳುವುದಕ್ಕೆ ಎರಡೂ ಒಂದೇ. ಶಾಲೆಯಲ್ಲಿ ಹುಡುಗರು ಅವರ ಹಿಂದೆ ಮೊಲದಂತೆ ಕುಪ್ಪಳಿಸಿ ಬರುತ್ತಿದ್ದರಂತೆ. ಒಂಬತ್ತನೆಯ ವಯಸ್ಸಿಗೆ ಆ ಹೆಸರನ್ನು ಮುಚ್ಚಿಟ್ಟವರು ಮತ್ತೆ ತೆಗೆದಿರಲಿಲ್ಲ. ನಾನು ನಗಲಿಲ್ಲ. ಅಷ್ಟರ ಮಟ್ಟಿಗೆ ಕೃಪೆ ನನ್ನ ಮೇಲಿತ್ತು.

“ಎಲ್ಲರಿಗೂ ಗೊತ್ತಾಗಿಬಿಡುತ್ತೆ” ಎಂದೆ. “ಈನಿಡ್‌ಗೂ ಗೊತ್ತಾಗುತ್ತೆ.”

ಅವರು ಕರಡನ್ನು ಮಡಚಿದರು, ಬಿಡಿಸಿದರು. “ಹಾಕಿಸು” ಎಂದರು. “ಸೊಪ್ಪಾದ್ರೂ ಆಗ್ಲಿ, ನಂದೇ ಇರ್ಲಿ.”

ಮರುದಿನ ಡರ್ಬಿಯಲ್ಲಿ ಟಿಂಡಲ್ ಅವರು ಕಾಗದದ ರಾಶಿಯ ನಡುವೆ ಕೂತು ನನ್ನ ಮಾತನ್ನು ಕೇಳಿ ಕಳವಳಪಟ್ಟರು.

“ವಿಧವೆಯೊಬ್ಬರ ಹೆಸರನ್ನ ಗಂಡನ ಇನಿಷಿಯಲ್ ತೆಗೆದು ಅಚ್ಚು ಹಾಕೋದು ಹೇಗೆ ರೈಟ್ ಅವರೇ? ಓದಿದವರು ಅಗೌರವ ಅಂದ್ಕೊಳ್ಳಲ್ವೇ? ಪದ್ಧತಿ ಅಂತ ಒಂದಿದೆ.”

ಅಲ್ಲಿಯ ತನಕ ಯಾರಿಗೂ ಯಾವ ಪ್ರಯೋಜನಕ್ಕೂ ಬಾರದಿದ್ದ ನನ್ನ ಉಪನ್ಯಾಸ ಆಗ ನೆನಪಾಯಿತು.

“ಸ್ವಾಮೀ, ನಿಮ್ಮ ಪಟ್ಟಿಯಲ್ಲಿ ಮೇಣದ ಪೇಷನ್ಸ್ ಇದ್ದಾರಲ್ಲ, ಅವರಿಗೆ ಮದುವೆ ಆಗಿತ್ತಾ?”

“ಆಗಿತ್ತು.”

“ಗಂಡನ ಹೆಸರು?”

ಅವರು ಕಾಗದ ತಿರುವಿದರು. “ಜೋಸೆಫ್. ಜೋಸೆಫ್ ರೈಟ್, ಅಮೆರಿಕದವರು.”

“ಹಾಗಾದ್ರೆ ಪದ್ಧತಿ ಪ್ರಕಾರ ಅವರನ್ನ ಮಿಸೆಸ್ ಜೋಸೆಫ್ ರೈಟ್ ಅಂತ ಹಾಕ್ಬೇಕು. ಓದಿದವರೆಲ್ಲ ಡರ್ಬಿ ಜೋಸೆಫ್ ಹೆಂಡ್ತಿ ಅಂದ್ಕೋತಾರೆ. ಅದು ಆ ಇಬ್ಬರು ಜೋಸೆಫರಿಗೂ ಅಗೌರವ, ಇಬ್ಬರ ಹೆಂಡತಿಯರಿಗೂ ಅಗೌರವ.”

ಟಿಂಡಲ್ ಅವರು ನನ್ನ ಮುಖವನ್ನು ನೋಡಿದರು. ಕರಡನ್ನು ನೋಡಿದರು. ಮೇಜಿನಿಂದ ಕೆಂಪು ಪೆನ್ಸಿಲ್ ತೆಗೆದುಕೊಂಡು ‘ಮಿಸೆಸ್ ಎ.’ ಎಂಬುದನ್ನು ಹೊಡೆದು ಹಾಕಿದರು. “ಹೆಸರನ್ನ ಅಕ್ಷರ ಅಕ್ಷರವಾಗಿ ಹೇಳಿ” ಎಂದರು. ಹೇಳಿದೆ. ಪ್ರತಿ ಅಕ್ಷರವನ್ನೂ ಎರಡು ಸಲ ಹೇಳಿದೆ.

ಮರುವರ್ಷದ ವಸಂತದಲ್ಲಿ ಪುಸ್ತಕ ಬಂತು. ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿದ್ದರಿಂದ ಡರ್ಬಿಯ ಜೋಸೆಫ್ ಆದ ಮೇಲೆ, ಲಂಡನ್ನಿನ ಪೇಷನ್ಸ್‌ಗಿಂತ ಮೊದಲು, ಅವರಿಬ್ಬರ ನಡುವೆ: ‘ರೈಟ್, ಲೆಟಿಸ್, ಆಲ್ಡರ್‌ಲೋದವರು. ಎಸಳಿನ ಚಿತ್ರಗಳು.’ ಅಷ್ಟೇ. ಲೆಟ್ಟಿಯಕ್ಕ ಆ ಪುಟವನ್ನು ಓದಿದ ರೀತಿಯನ್ನು ವರ್ಣಿಸುವ ಶಕ್ತಿ ನನಗಿಲ್ಲ. ಕೈಯನ್ನು ಏಪ್ರನ್ನಿಗೆ ಒರೆಸಿ ಒರೆಸಿ ಪುಟ ಮುಟ್ಟಿದರು.

“ಈನಿಡ್ ಬೆಳಿಗ್ಗೆ ಅಂಚೆ ಜೊತೆ ಒಂದು ಕ್ಯಾರೆಟ್ ಕಳಿಸಿದ್ಲು” ಎಂದರು. “ಮೊಲಕ್ಕೆ ಅಂತ. ಸಾರಿಗೆ ಹಾಕ್ದೆ.”

ಆಮೇಲೆ ಪುಸ್ತಕವನ್ನು ನಿಧಾನವಾಗಿ ಕೊನೆಯ ತನಕ ತಿರುವಿದರು. ಕೊನೆಯ ಪುಟದಲ್ಲಿ ಸಹಾಯ ಮಾಡಿದವರಿಗೆ ವಂದನೆ ಇತ್ತು. ಅಲ್ಲಿ ಬೆರಳು ನಿಂತಿತು. ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡರು. ನನ್ನ ಹೆಸರೂ ಅಚ್ಚಾಗಿತ್ತು. ಆದರೆ ಅಚ್ಚಿನ ಮನೆಯವರು ಲೆಟಿಸ್‌ನ ಅಕ್ಷರಗಳನ್ನು ಕಾಯುವುದರಲ್ಲಿ ಸುಸ್ತಾಗಿದ್ದರೋ ಏನೋ, ನಮ್ಮ ಮನೆತನದ ಹೆಸರಿನ ಮೊದಲ ಆ ಮೌನದ ಅಕ್ಷರವನ್ನು ಬಿಟ್ಟುಬಿಟ್ಟಿದ್ದರು.

“ಲೆನರ್ಡ್” ಎಂದರು ಲೆಟಿಸ್ ರೈಟ್, ಪುಸ್ತಕವನ್ನು ನನ್ನ ಕಡೆ ತಿರುಗಿಸಿ, ಬೆರಳಿಟ್ಟು ತೋರಿಸುತ್ತ, “ನೋಡೋ ಇಲ್ಲಿ. ಜೀವನದಲ್ಲಿ ಒಂದ್ಸಲ ನೀನು ‘ಸರಿ’ ಅಂತ ಅಚ್ಚಾಗಿದೆ. ಇದೊಂದನ್ನ ನಾನು ತಿದ್ದಲ್ಲ.”